ಚಂದ್ರಶೇಖರಪುರದ ದಾರಿಯಲ್ಲಿ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಸಿ.ಎಸ್. ಪುರವೆಂಬ ಊರೊಂದಿದೆ. ಅದು ಅದೇ ಹೆಸರಿನ ಹೋಬಳಿಯ ಮುಖ್ಯಸ್ಥಳ. ಊರಿನ ಪೂರ್ಣನಾಮಧೇಯ ಚಂದ್ರಶೇಖರಪುರ. ಚಂದ್ರನು ಯಾವನ ಶಿರೋಭೂಷಣವೋ ಅವನ ಪುರವೆಂದು, ಬಹುವ್ರೀಹಿಯ ಮೇಲೆ ತತ್ಪುರುಷವನ್ನು ಕೂಡಿಸಿ ಯಾರೋ ಪುಣ್ಯಾತ್ಮರು ಇಟ್ಟ ಹೆಸರು. ಬಸ್ಸಿನ ಹಲಗೆಯೂ ಕಚೇರಿಯ ಮೊಹರೂ ಸೇರಿ ಆ ಪರಮೇಶ್ವರನನ್ನು ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿಬಿಟ್ಟಿವೆ. ಈ ಸಂಗತಿಯನ್ನು ನಾವು ಹೋದಾಗಲೆಲ್ಲ ಆಡಿ ತೋರಿಸುವುದೂ, ಅಲ್ಲಿಯೇ ವಾಸವಾಗಿರುವ ನಮ್ಮ ಅಕ್ಕಯ್ಯನವರು “ಹೆಸರು ಚಿಕ್ಕದಾದರೆ ಊರೇನು ಚಿಕ್ಕದಾಯಿತೇನೋ?” ಎಂದು ಗದರುವುದೂ ವಾಡಿಕೆಯಾಗಿದೆ.

ಕಳೆದ ಮಾಘಮಾಸದಲ್ಲಿ ಆ ಊರಿಗೆ ಹೋಗುವ ಸಂದರ್ಭವೊದಗಿತು. ಅಕ್ಕಯ್ಯನವರ ಬಲಗಣ್ಣಿಗೆ ಪೊರೆ ಬಲಿತು ಮುಖಪರಿಚಯವೇ ಕಷ್ಟವಾಗಿದ್ದಿತು. ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದಿತು. ಅದಕ್ಕೆ ಹಿಂದೆ ಗೊತ್ತಾಗಿದ್ದ ದಿನವೊಂದು ನಮ್ಮ ಕಾರಿನ ಕಾಯಿಲೆಯಿಂದಲೇ ತಪ್ಪಿಹೋಗಿದ್ದಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಎಪ್ಪತ್ತೆರಡು ವರ್ಷದ ಆ ಜೀವವು ಮುಂಜಾನೆ ಐದಕ್ಕೆ ಸ್ನಾನಮಾಡಿ, ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹತ್ತು ಗಂಟೆಯವರೆಗೆ ಜಗುಲಿಯಲ್ಲಿ ಕುಳಿತಿದ್ದು, ಕಡೆಗೆ ದೂರವಾಣಿಯಲ್ಲಿ ನಮ್ಮ ಸಬೂಬನ್ನು ಕೇಳಿ “ಆಗಲಿ ಬಿಡೋ” ಎಂದಿದ್ದರು. ಆ ಎರಡು ಮಾತು ನಮ್ಮನ್ನು ಒಂದು ತಿಂಗಳು ಚುಚ್ಚುತ್ತಿದ್ದಿತು. ಆದುದರಿಂದ ಈ ಸಲ ಹಿಂದಿನ ದಿನವೇ ಹೋಗಿ ರಾತ್ರಿ ಅಲ್ಲಿ ತಂಗಿ, ಬೆಳಗಾಗುವುದರೊಳಗೆ ಅವರನ್ನು ಕರೆದುಕೊಂಡು ಹೊರಡುವುದೆಂದು ನಿಶ್ಚಯಿಸಿದೆವು.

ಕಾರಿನ ಕಾಯಿಲೆಯೇನೆಂದರೆ, ನಿಶ್ಶಕ್ತಿ. ಸಂಕ್ರಾಂತಿ ಕಳೆದ ಮೇಲೆ ಅದಕ್ಕೆ ‘ಪಿಕಪ್’ ಹೋಯಿತು. ಸಮನೆಲದಲ್ಲಿ ಹೇಗೋ ಓಡುವುದು. ದಿಬ್ಬ ಬಂದಿತೆಂದರೆ ಹೊರೆ ಹೊತ್ತ ಮುದುಕನಂತೆ ಏದುವುದು. ಪಟ್ಟಣದ ಕಾರ್ಖಾನೆಯೊಂದರಲ್ಲಿ ತೋರಿಸಿದಾಗ, ಅಲ್ಲಿಯವರು ಮುಚ್ಚಳವನ್ನೆತ್ತಿ ನೋಡಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಯಂತ್ರವೇ ಹೋಗಿದೆಯೆಂದೂ, ನಲವತ್ತು ಸಾವಿರ ರೂಪಾಯಿಗಳಾಗುವುದೆಂದೂ ತೀರ್ಪುಕೊಟ್ಟರು. ನಿವೃತ್ತಿವೇತನದಲ್ಲಿ ಬಾಳುವವರಿಗೆ ಅದು ಸಣ್ಣ ಮೊತ್ತವಲ್ಲ. ಕಾರನ್ನೇ ಮಾರಿಬಿಡೋಣವೆಂದು ನಮ್ಮ ಮನೆಯವರು. ಅಕ್ಕಯ್ಯನ ಕಣ್ಣಿನ ಕೆಲಸ ಮುಗಿಯಲಿ, ಆಮೇಲೆ ನೋಡೋಣವೆಂದು ನಾವು.

ತುಮಕೂರು ಬಿಟ್ಟು ಗುಬ್ಬಿಯವರೆಗೆ ಪ್ರಯಾಣ ಸುಖವಾಗಿಯೇ ಸಾಗಿತು. ಗುಬ್ಬಿಯೆಂದರೆ ನಮ್ಮ ತಲೆಮಾರಿನವರಿಗೆ ನಾಟಕದ ನೆನಪು ಬಾರದೆ ಇರದು. ೧೮೮೪ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ವೀರಣ್ಣನವರು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. ಈಗ ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರುಗಳನ್ನು ಕಟ್ಟುವ ಕಾರ್ಖಾನೆಯಿದೆ. ಅದು ಉದ್ಘಾಟನೆಯಾದುದು ೨೦೨೩ರ ಫೆಬ್ರವರಿ ೬ರಂದು. ರಂಗದ ಮೇಲೆ ಗಂಧರ್ವರನ್ನು ಹಗ್ಗದಿಂದ ಇಳಿಬಿಡುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಬಂದಿದ್ದೇವಲ್ಲ ಎಂದು ನಾವು ಹರ್ಷಿಸುತ್ತಿರುವಾಗಲೇ ನಮ್ಮ ವಿಮಾನವು ಮತ್ತೆ ಏದತೊಡಗಿತು.

ಕಡಬದ ಕೆರೆಯನ್ನು ನೋಡಿಕೊಂಡು ಹೋಗಬೇಕೆಂಬ ಆಸೆಯಿಂದ ಆ ಮಾರ್ಗವನ್ನು ಹಿಡಿದಿದ್ದೆವು. ಶಿಂಷಾನದಿಯನ್ನು ಕಟ್ಟಿ ಮಾಡಿದ ಹಳೆಯ ದೊಡ್ಡ ಕೆರೆ ಅದು. ಶ್ರೀರಾಮನು ಲಂಕೆಯಿಂದ ಮರಳುವಾಗ ಅಲ್ಲಿ ಬೀಡುಬಿಟ್ಟು ಏರಿಯನ್ನು ಕಟ್ಟಿಸಿದನೆಂದು ಜನ ಹೇಳುವುದುಂಟು. ರಾಷ್ಟ್ರಕೂಟ ಗೋವಿಂದನ ಹೆಸರಿನ ತಾಮ್ರಶಾಸನವು ದೊರೆತುದರಿಂದ ಈ ಊರು ಚರಿತ್ರಕಾರರಿಗೂ ಪರಿಚಿತವಾದುದೇ. ಆದರೆ ಆ ಸಂಜೆ ನಮಗೆ ರಾಮನೂ ಗೋವಿಂದನೂ ಮರೆತುಹೋದರು. ಏರನ್ನು ಹತ್ತುವಾಗ ಕಾರು ಎರಡನೆಯ ಗೇರಿನಲ್ಲಿಯೂ ಎಳೆಯಲೊಲ್ಲದೆ, ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡಿತು. ಅಲ್ಲಿಂದ ಮುಂದೆ ಗಂಟೆಗೆ ಮೂವತ್ತು ಕಿಲೋಮೀಟರಿಗೆ ಹೆಚ್ಚು ಓಡಲಿಲ್ಲ. ಇಬ್ಬದಿಯಲ್ಲಿಯೂ ತೆಂಗಿನ ತೋಟಗಳು, ಅಲ್ಲಲ್ಲಿ ಅಡಕೆ, ಹೊಲಗಳಲ್ಲಿ ರಾಗಿಯ ಕೂಳೆ. ದಾರಿಯ ಮೇಲೆ ಮಾತ್ರ ಹುರುಳಿಯ ಒಕ್ಕಣೆ! ಗಿಡಗಳನ್ನು ಡಾಂಬರಿನ ಮೇಲೆ ಹರವಿಬಿಟ್ಟರೆ ಹೋಗುವ ಬರುವ ವಾಹನಗಳೇ ಕಣದ ಎತ್ತುಗಳಾಗಿ ತುಳಿದುಕೊಡುತ್ತವೆ. ಕೂಲಿಯಿಲ್ಲದ ಈ ಉಪಾಯವು ರೈತರಿಗೆ ಹಿತವೇ ಸರಿ. ಅದರ ಹೊಟ್ಟು ಎಲ್ಲೆಲ್ಲಿ ಹೋಗಿ ಸೇರುವುದೆಂಬುದು ನಮಗೆ ಒಂದು ಗಂಟೆಯ ಮೇಲೆ ತಿಳಿಯಿತು.

ಊರನ್ನು ಮುಟ್ಟಿದಾಗ ಸಂಜೆ ನಾಲ್ಕೂವರೆ. ಅಕ್ಕಯ್ಯನವರು ಕಾರಿನ ಸದ್ದಿನಿಂದಲೇ ಅದರ ಸ್ಥಿತಿಯನ್ನು ಅರಿತವರಂತೆ, “ನಾಳೆ ನಾನು ಬಸ್ಸಿಗೇ ಬರುತ್ತೇನಪ್ಪ, ನೀನು ನಿಧಾನವಾಗಿ ಬಾ” ಎಂದರು. ಅವರು ವ್ಯಂಗ್ಯವಾಗಿ ಹೇಳಲಿಲ್ಲವೆಂಬುದೇ ನಮಗೆ ಹೆಚ್ಚು ನೋವಾಯಿತು. ಬೀದಿಯ ಕೊನೆಯಲ್ಲಿ ಟ್ರಾಕ್ಟರುಗಳನ್ನೂ ಕಾರುಗಳನ್ನೂ ರಿಪೇರಿಮಾಡುವ ತರುಣನೊಬ್ಬನಿದ್ದಾನೆಂದು ನೆರೆಯವರು ಹೇಳಿದರು. ತಗಡಿನ ಚಪ್ಪರ, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಗೆ ಆಂಜನೇಯಸ್ವಾಮಿಯ ಪಟ. ನಿಜವನ್ನು ಹೇಳುವುದಾದರೆ ನಮಗೆ ಹೆಚ್ಚು ವಿಶ್ವಾಸವೇನೂ ಹುಟ್ಟಲಿಲ್ಲ.

ಆ ತರುಣನು ಮುಚ್ಚಳವನ್ನು ಎತ್ತಲಿಲ್ಲ. ಮೊದಲು ಪ್ರಶ್ನೆಗಳನ್ನು ಕೇಳಿದನು. “ಎಳೆಯದೆ ಇದ್ದಾಗ ಹಿಂದೆ ಕರೀ ಹೊಗೆ ಬರುತ್ತಾ ಮೇಷ್ಟ್ರೇ?” ಇಲ್ಲವೆಂದೆವು. “ಸಿಳ್ಳೆ ಹೊಡೆದ ಹಾಗೆ ಸದ್ದು?” ಅದೂ ಇಲ್ಲ. “ಹಂಗಾದ್ರೆ ಟರ್ಬೊ ಅಂತ ಈಗಲೇ ಹೇಳಕ್ಕಾಗಲ್ಲ ಬಿಡಿ” ಎಂದನು.

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಪಾಠವನ್ನು ತರ್ಕಸಂಗ್ರಹವನ್ನು ಓದಿದವರೆಲ್ಲರೂ ಬಲ್ಲರು. ಹೊಗೆ ಕಾಣದಿರುವುದರಿಂದ ಊಹಿಸುವವನನ್ನು ನಾವು ಕಂಡುದು ಇದೇ ಮೊದಲು. ಅನುಪಲಬ್ಧಿಯೂ ಒಂದು ಪ್ರಮಾಣವೆಂದು ಮೀಮಾಂಸಕರು ವಾದಿಸುವುದಿಲ್ಲವೇ? ಅವನು ವಿವರಿಸಿದ ಕ್ರಮ ಹೀಗಿದ್ದಿತು. ಅಳತೆಯಾದ ಗಾಳಿಯು ನಡುವೆ ಕೊಳವೆ ಬಿರಿದು ಸೋರಿಹೋದರೆ, ಎಂಜಿನ್ನಿನ ಗಣಕವು ಗಾಳಿಯಿದೆಯೆಂದೇ ಭ್ರಮಿಸಿ ಡೀಸೆಲನ್ನು ಸುರಿಯುತ್ತದೆ. ಅದು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಹೊಗೆಯೇ ಇಲ್ಲದೆ ಬಲ ಕುಂದಿದರೆ, ಗಣಕವೇ ಕೈ ಬಿಗಿಹಿಡಿದು ಡೀಸೆಲನ್ನು ಕಡಿಮೆ ಕೊಡುತ್ತಿರಬಹುದು. ಹಾಗೇಕೆ ಕೊಡುತ್ತದೆ? ಗಾಳಿ ಕಡಿಮೆಯಿದೆಯೆಂದು ಯಾರೋ ಅದಕ್ಕೆ ವರದಿಮಾಡುತ್ತಿರಬೇಕು. ಆ ವರದಿಗಾರನನ್ನು ಹಿಡಿಯಬೇಕು.

ವರದಿಗಾರನೆಂದರೆ ಏರ್ ಫ್ಲೋ ಸೆನ್ಸಾರು, ವಾಯುಮಾಪಕವೆನ್ನೋಣ. ಗಾಳಿ ಸೋಸುವ ಡಬ್ಬಿಗೂ ಟರ್ಬೊವಿಗೂ ನಡುವೆ ಕೊಳವೆಯಲ್ಲಿ ಸಿಕ್ಕಿಸಿರುವ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಕಪ್ಪು ಪದಾರ್ಥ. ವಾಚಕರಿಗೆ ಇದರ ಅಗತ್ಯವು ಮನಸ್ಸಿಗೆ ಬರಬೇಕಾದರೆ ಒಂದು ಲೆಕ್ಕವನ್ನು ನೋಡಬಹುದು. ಒಂದು ಲೀಟರು ಡೀಸೆಲ್ ಸಂಪೂರ್ಣವಾಗಿ ಉರಿಯಲು ಸುಮಾರು ಹನ್ನೆರಡು ಕಿಲೋಗ್ರಾಂ ಗಾಳಿ ಬೇಕು. ನಮ್ಮ ಈ ಎತ್ತರದ ಬಯಲುಸೀಮೆಯ ಬೆಚ್ಚಗಿನ ಹವೆಯಲ್ಲಿ ಅದು ಹನ್ನೊಂದು ಸಾವಿರ ಲೀಟರಿಗೂ ಮಿಕ್ಕುತ್ತದೆ. ಎಂಜಿನ್ ಕುಡಿಯುವುದು ಎಣ್ಣೆಯನ್ನೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದು ವಾತಭಕ್ಷ. ಗಾಳಿಯ ತೂಕ ತಿಳಿಯದೆ ಎಣ್ಣೆಯನ್ನು ಅಳೆದು ಕೊಡುವುದು ಸಾಧ್ಯವಿಲ್ಲ.

ಹರಿಯುವ ಗಾಳಿಯನ್ನು ತೂಗುವುದು ಹೇಗೆ? ಬಿಸಿಹಾಲನ್ನು ಊದಿ ಆರಿಸುವ ತಾಯಂದಿರಿಗೆ ಇದರ ತತ್ತ್ವವು ಗೊತ್ತೇ ಇದೆ. ಮಾಪಕದ ಬಾಯಲ್ಲಿ ಅತಿ ತೆಳುವಾದ ಪೊರೆಯೊಂದನ್ನು ವಿದ್ಯುತ್ತಿನಿಂದ ಕಾಯಿಸಿ, ಒಳಬರುವ ಗಾಳಿಗಿಂತ ಗೊತ್ತಾದಷ್ಟು ಹೆಚ್ಚಿನ ಶಾಖದಲ್ಲಿ ಇಟ್ಟಿರುತ್ತಾರೆ. ಗಾಳಿ ಬೀಸಿದಷ್ಟೂ ಅದು ಆರುತ್ತದೆ. ಆರಿದಷ್ಟೂ ಕಾಯಿಸಲು ವಿದ್ಯುತ್ತು ಹೆಚ್ಚಾಗಿ ಬೇಕಾಗುತ್ತದೆ. ಆ ಹೆಚ್ಚಳವೇ ಗಾಳಿಯ ಅಳತೆ. ಕಾದ ತಂತಿಯು ಪ್ರವಾಹದಲ್ಲಿ ಆರುವ ನಿಯಮವನ್ನು ಎಲ್.ವಿ. ಕಿಂಗ್ ಎಂಬ ಪಂಡಿತರು ೧೯೧೪ರಲ್ಲಿಯೇ ಗಣಿತದಿಂದ ನಿರೂಪಿಸಿದ್ದರು. ಕಾರುಗಳಲ್ಲಿ ಮೊದಲು ಗಾಳಿಯ ಒತ್ತಡಕ್ಕೆ ತೆರೆಯುವ ರೆಕ್ಕೆಬಾಗಿಲನ್ನು ಬಳಸುತ್ತಿದ್ದು, ಕಾದ ತಂತಿಯು ೧೯೮೦ರ ದಶಕದಲ್ಲಿ ಬಂದು, ಅನಂತರ ತಂತಿಯ ಸ್ಥಾನವನ್ನು ಪೊರೆಯು ಹಿಡಿಯಿತು. ಆ ಪೊರೆಯ ಮೇಲೆ ಧೂಳಿನ ಕಂಬಳಿಯನ್ನು ಹೊದೆಸಿದರೆ ಎಷ್ಟು ಗಾಳಿ ಬೀಸಿದರೂ ಅದು ಸರಿಯಾಗಿ ಆರದು. ಗಾಳಿ ಬರುತ್ತಲೇ ಇಲ್ಲವೆಂದು ಗಣಕಕ್ಕೆ ಸುದ್ದಿ ಹೋಗುತ್ತದೆ.

ಇನ್ನು ಕಥೆಗೆ ಬರೋಣ. ತರುಣನು ಸೋಸುವ ಡಬ್ಬಿಯನ್ನು ಬಿಚ್ಚಿದನು. ಒಳಗೆ ಹುರುಳಿಯ ಹೊಟ್ಟು, ಕೆಂಪು ಧೂಳು. ಮಡಿಕೆಮಡಿಕೆಯಾದ ಕಾಗದದ ಸೋಸುಗವು ಜಿಡ್ಡಾಗಿ ಹೊಳೆಯುತ್ತಿದ್ದಿತು. ಬೆರಳಲ್ಲಿ ಒರೆಸಿ ಮೂಸಿ ನೋಡಿ, “ಇದಕ್ಕೆ ಎಣ್ಣೆ ಯಾರು ಹಾಕಿದ್ದು?” ಎಂದು ಕೇಳಿದನು.

ನಾವು, “ಯಾವುದೋ ಗ್ಯಾರೇಜಿನಲ್ಲಿ ಹಾಕಿರಬೇಕು” ಎಂದುಬಿಟ್ಟೆವು.

ಅದು ಸುಳ್ಳು. ಹಾಕಿದವರು ನಾವೇ. ಹಿಂದಿನ ಕಾಲದ ಲಾರಿ ಟ್ರಾಕ್ಟರುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳನ್ನು ಹಿಡಿಯುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೆವು. ಆ ನೆನಪಿನ ಬಲದಿಂದ, ಸಂಕ್ರಾಂತಿಯ ಸಮಯದಲ್ಲಿ ಸೋಸುಗವನ್ನು ನಾವೇ ತೆಗೆದು ಕೊಡವಿ, ಎಂಜಿನ್ ಎಣ್ಣೆಯನ್ನು ಸವರಿ, ಒಂದು ಕಾಗದದ ಸೋಸುಗದ ಬೆಲೆಯನ್ನು ಉಳಿಸಿದೆವೆಂದು ಬೀಗಿದ್ದೆವು. ಅರ್ಧಜ್ಞಾನದ ವಿದ್ಯಾರ್ಥಿಗಳನ್ನು ಎಷ್ಟು ಬಗೆಯಾಗಿ ಮೂದಲಿಸಿದ್ದೆವೋ ಅದೆಲ್ಲ ಆಗ ಕಿವಿಯಲ್ಲಿ ಮೊಳಗಿತು. ಪಕ್ಕದಲ್ಲಿ ಅಕ್ಕಯ್ಯನವರು ಕಂಬಕ್ಕೊರಗಿ ನಿಂತಿದ್ದರು. ಅವರಿಗೆ ಕಣ್ಣು ಮಂದವಾದರೂ ನಮ್ಮ ದನಿಯ ಪರಿಚಯವು ಅರುವತ್ತು ವರ್ಷದ್ದು. ಏನೂ ಮಾತಾಡಲಿಲ್ಲ.

ತರುಣನು ತನ್ನಲ್ಲಿದ್ದ ಹೊಸ ಸೋಸುಗವನ್ನು ಹಾಕಿದನು. ನಮ್ಮ ಕಾರಿನ ಎಂಜಿನ್ ಹಲವು ಮಾದರಿಯ ಕಾರುಗಳಲ್ಲಿರುವುದರಿಂದ ಅದು ದೊರೆತುದು ಪುಣ್ಯ. ಕೊಳವೆಗಳ ಬಿಗಿಪಟ್ಟಿಗಳನ್ನೆಲ್ಲ ಕೈಯಾಡಿಸಿ ನೋಡಿ, ಬಿರುಕಿಲ್ಲವೆಂದು ಖಚಿತಪಡಿಸಿಕೊಂಡನು. ಬಳಿಕ ಚಕ್ರದ ಕೆಳಗಿನ ಸಂದಿಯಲ್ಲಿ ಸ್ಕ್ಯಾನರನ್ನು ಸಿಕ್ಕಿಸಿದಾಗ ಅದರಲ್ಲಿ ಪಿ ೦೧೦೧ ಎಂಬ ಸಂಕೇತವು ಮೂಡಿತು. ವಾಯುಮಾಪಕದ ಅಳತೆಯು ಇರಬೇಕಾದ ಎಲ್ಲೆಯಲ್ಲಿಲ್ಲ ಎಂಬುದು ಅದರ ಅರ್ಥ. “ಹಂಗಾದರೆ ಸೆನ್ಸಾರೇ ಕೆಟ್ಟಿದೆ, ಬದಲಾಯಿಸು” ಎಂದೆವು. ಅವನು ನಕ್ಕು, “ಅದು ದೂರು ಅಷ್ಟೇ ಮೇಷ್ಟ್ರೇ, ತೀರ್ಪಲ್ಲ. ಫಿಲ್ಟರ್ ಕಟ್ಟಿದ್ದರೂ ಇದೇ ಬರುತ್ತೆ, ಪೈಪ್ ಬಿಟ್ಟಿದ್ದರೂ ಇದೇ ಬರುತ್ತೆ, ವೈರು ಕಿತ್ತಿದ್ದರೂ ಬರಬಹುದು” ಎಂದನು. ಮೀಟರಿನಿಂದ ತಂತಿಗಳನ್ನು ಪರೀಕ್ಷಿಸಿದನು. ಮಾಪಕಕ್ಕೆ ಬರಬೇಕಾದ ವಿದ್ಯುತ್ತು ಬರುತ್ತಿದ್ದಿತು. ಎಂಜಿನ್ ನಿಂತಿರುವಾಗ ಗಾಳಿಯ ಅಳತೆ ಸೊನ್ನೆಯ ಬಳಿಯಿದ್ದಿತು, ಅದೂ ಸರಿಯೇ. ಎಂಜಿನ್ನನ್ನು ನಡೆಸಿ, ಹೊಗೆಯನ್ನು ಮರಳಿ ಒಳಕ್ಕೆ ಬಿಡುವ ಕವಾಟವು ಮುಚ್ಚಿರುವುದನ್ನು ಪರದೆಯಲ್ಲಿ ನೋಡಿಕೊಂಡು, ಅಳತೆಯನ್ನು ಓದಿದನು: ಸೆಕೆಂಡಿಗೆ ೪.೬ ಗ್ರಾಂ.

“ಇದು ಕಡಿಮೆ” ಎಂದನು. ಎಷ್ಟಿರಬೇಕೆಂದು ಕೇಳಿದುದಕ್ಕೆ “ಇಂಥ ಗಾಡೀಲಿ ಎಂಟರ ಹತ್ತಿರ ನೋಡಿದೀನಿ” ಎಂದನೇ ಹೊರತು ಕಾರಣವನ್ನು ಹೇಳಲಿಲ್ಲ. ಇಲ್ಲಿ ಮಾತ್ರ ನಮ್ಮ ಹಳೆಯ ಅಭ್ಯಾಸವು ಕೆಲಸಕ್ಕೆ ಬಂದಿತು. ಎಂಜಿನ್ನಿನ ಒಟ್ಟು ಗಾತ್ರ ೧೨೪೮ ಘನ ಸೆಂಟಿಮೀಟರು, ಎಂದರೆ ಸುಮಾರು ಒಂದೂಕಾಲು ಲೀಟರು. ಎರಡು ಸುತ್ತಿಗೊಮ್ಮೆ ಅದು ತನ್ನ ಗಾತ್ರದಷ್ಟು ಗಾಳಿಯನ್ನು ಸೇದುತ್ತದೆ. ನಿಮಿಷಕ್ಕೆ ೮೫೦ ಸುತ್ತಾದರೆ ೪೨೫ ಉಸಿರು. ಸುಮಾರು ೫೩೦ ಲೀಟರು. ಸೆಕೆಂಡಿಗೆ ಒಂಬತ್ತು ಲೀಟರಿಗೆ ಸ್ವಲ್ಪ ಕಡಿಮೆ. ಇಲ್ಲಿನ ಗಾಳಿ ಲೀಟರಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಗುವುದು. ಉರುಳೆಗಳು ಪೂರ್ತಿ ತುಂಬುವುದಿಲ್ಲವೆಂದು ಹತ್ತು ಹದಿನೈದು ಪಾಲು ಕಳೆದರೂ ಎಂಟು ಗ್ರಾಮಿಗೆ ಬಂದು ನಿಲ್ಲುತ್ತದೆ. ಬೀಡಿಕಟ್ಟಿನ ಕಾಗದದ ಬೆನ್ನಿನ ಮೇಲೆ ಬರೆದ ಈ ಲೆಕ್ಕವನ್ನು ತರುಣನು ಎರಡು ಸಲ ನೋಡಿ, ಮಡಿಸಿ ಜೇಬಿನಲ್ಲಿಟ್ಟುಕೊಂಡನು.

ಆದರೆ ೪.೬ ಎಂಬುದು ಮಾಪಕದ ಸುಳ್ಳೋ, ಎಂಜಿನ್ನಿಗೆ ನಿಜವಾಗಿಯೂ ಗಾಳಿ ಬರುತ್ತಿಲ್ಲವೋ? ಇದನ್ನು ನಿರ್ಣಯಿಸಲು ಅವನು ಮಾಡಿದ ಪ್ರಯೋಗವು ಅತ್ಯಂತ ಸರಳವಾದುದು. ಎಂಜಿನ್ನನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದು, ಮಾಪಕದ ತಂತಿಯ ಮುಡಿಯನ್ನೇ ಕಳಚಿಬಿಟ್ಟನು. “ಈಗ ಆ ದಿಬ್ಬ ಹತ್ತಿಸಿಕೊಂಡು ಬರೋಣ ಬನ್ನಿ” ಎಂದನು. ಹಳದಿ ದೀಪವು ಉರಿಯುತ್ತಲೇ ಇದ್ದಿತು. ಕಾರು ಮಾತ್ರ ಸರಾಗವಾಗಿ ದಿಬ್ಬವನ್ನೇರಿತು! ವರದಿಗಾರನೇ ಇಲ್ಲವಾದಾಗ ಗಣಕವು ಎಂಜಿನ್ನಿನ ಸುತ್ತನ್ನೂ ಇತರ ಅಳತೆಗಳನ್ನೂ ನೋಡಿ ತಾನೇ ಒಂದು ಅಂದಾಜನ್ನು ಹಿಡಿಯುತ್ತದೆಯಂತೆ. ಗಾಳಿಯೇ ನಿಜವಾಗಿ ಇಲ್ಲದಿದ್ದರೆ ಈ ಅಂದಾಜಿನಿಂದ ಕಪ್ಪು ಹೊಗೆ ಬರಬೇಕಾಗಿದ್ದಿತೇ ಹೊರತು ಬಲವು ಬರುತ್ತಿರಲಿಲ್ಲ. ಮಾಪಕವಿದ್ದರೆ ದೋಷವಿದೆ, ಮಾಪಕವಿಲ್ಲದಿದ್ದರೆ ದೋಷವಿಲ್ಲ. ಅನ್ವಯವ್ಯತಿರೇಕಗಳನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದ ನಾವು, ಅವೆರಡನ್ನೂ ಒಂದು ತಂತಿಯ ಮುಡಿಯಲ್ಲಿ ಹಿಡಿದವನ ಪಕ್ಕದಲ್ಲಿ ಕುಳಿತು ಹಿಂದಿರುಗಿದೆವು. ಹೀಗೆಯೇ ಮುಡಿಯನ್ನು ಕಳಚಿಟ್ಟು ಓಡಿಸಿದರೇನೆಂದು ಕೇಳಿದುದಕ್ಕೆ, ಮನೆ ಮುಟ್ಟುವುದಕ್ಕೆ ಸರಿ, ಬಾಳುವುದಕ್ಕಲ್ಲ. ಅಂದಾಜಿನ ಗಾಳಿಯಲ್ಲಿ ಹೊಗೆ ಹೆಚ್ಚಾದೀತು ಎಂದನು.

ಈಗ ಅವನು ತುಸು ಯೋಚನೆಗೆ ಬಿದ್ದನು. ಮಾಪಕವು ವಯಸ್ಸಾಗಿ ಸತ್ತಿದ್ದರೆ ತೊಳೆದು ಪ್ರಯೋಜನವಿಲ್ಲ; ಹೊಸದನ್ನು ತುಮಕೂರಿನಿಂದ ತರಿಸಬೇಕು, ಅದು ನಾಳೆ ಮಧ್ಯಾಹ್ನದ ಮಾತು. ಬರಿಯ ಕೊಳೆಯಾಗಿದ್ದರೆ ಈ ರಾತ್ರಿಯೇ ಸರಿಹೋದೀತು. “ಆ ಗ್ಯಾರೇಜಿನೋರು ಎಣ್ಣೆ ಯಾವಾಗ ಹಾಕಿದ್ದು ಅಂತ ಗೊತ್ತಾಗಿದ್ರೆ...” ಎಂದು ತಲೆ ಕೆರೆದುಕೊಂಡನು.

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. “ಗ್ಯಾರೇಜಿನವರಲ್ಲಪ್ಪ, ಹಾಕಿದವನು ನಾನೇ. ಸಂಕ್ರಾಂತಿಯ ಹಿಂದಿನ ದಿನ. ಅದಾದ ವಾರದಲ್ಲಿ ಈ ತೊಂದರೆ ಶುರುವಾಯಿತು” ಎಂದೆವು. ಈ ಒಂದು ವಾಕ್ಯದಲ್ಲಿ ‘ನಾವು’ ಎನ್ನುವುದಕ್ಕೆ ಬಾಯಿ ಬರಲಿಲ್ಲ.

ತರುಣನು ನಮ್ಮನ್ನು ಮೂದಲಿಸಲಿಲ್ಲ. ಅವನ ಮುಖವು ಅರಳಿತು. “ಮೊದಲೇ ಹೇಳಿದ್ರೆ ಅರ್ಧ ಗಂಟೆ ಉಳೀತಿತ್ತಲ್ಲ ಮೇಷ್ಟ್ರೇ! ಎಣ್ಣೆ ಹಬೆ ಹೋಗಿ ಕೂತಿದೆ, ಅದರ ಮೇಲೆ ಧೂಳು ಹಿಡಿದಿದೆ” ಎನ್ನುತ್ತ ನಕ್ಷತ್ರದ ಗುಳಿಯಿರುವ ಎರಡು ತಿರುಪುಗಳನ್ನು ಬಿಚ್ಚಿ ಮಾಪಕವನ್ನು ಹೊರತೆಗೆದನು. ದೀಪದ ಬೆಳಕಿನಲ್ಲಿ ನೋಡಿದರೆ ಅದರ ಸಣ್ಣ ಕಿಂಡಿಯೊಳಗೆ ಕಂದುಬಣ್ಣದ ಲೇಪ. ನಾವು ಅಭ್ಯಾಸಬಲದಿಂದ ಪಂಚೆಯ ಅಂಚನ್ನು ಹಿಡಿದು ಒರೆಸಲು ಹೋದೆವು. ಅವನು ಕೈಯನ್ನು ಹಿಂದಕ್ಕೆಳೆದುಕೊಂಡನು. ಆ ಪೊರೆಗೆ ಬಟ್ಟೆಯಾಗಲಿ ಕುಂಚವಾಗಲಿ ಬೆರಳಾಗಲಿ ತಾಗಕೂಡದು. ಪೆಟ್ರೋಲಾಗಲಿ ಕಾರ್ಬುರೇಟರ್ ತೊಳೆಯುವ ದ್ರವವಾಗಲಿ ಕೂಡದು. ಇದಕ್ಕೆಂದೇ ಇರುವ, ಜಿಡ್ಡನ್ನು ಕರಗಿಸಿ ತಾನು ಏನೂ ಉಳಿಯದಂತೆ ಆರಿಹೋಗುವ ಸ್ಪ್ರೇ ಡಬ್ಬಿಯನ್ನು ತೆಗೆದು ಹತ್ತು ಹನ್ನೆರಡು ಸಲ ಚಿಮುಕಿಸಿದನು. ಕಂದುನೀರು ತೊಟ್ಟಿಕ್ಕಿ, ಬರಬರುತ್ತ ತಿಳಿಯಾಯಿತು. ಕೊಳವೆಯ ಒಳಭಾಗದ ಜಿಡ್ಡನ್ನೂ ಒರೆಸಿದನು. ಮಾಪಕವನ್ನು ಊದದೆ, ಬಿಸಿಮಾಡದೆ, ಅರ್ಧ ಗಂಟೆ ತಾನಾಗಿಯೇ ಆರುವುದಕ್ಕೆ ಬಿಟ್ಟನು. ಅಷ್ಟರಲ್ಲಿ ಅಕ್ಕಯ್ಯನವರು ಮನೆಗೆ ಹೋಗಿ, ಗೋಡೆ ಹಿಡಿದುಕೊಂಡೇ, ಮೂವರಿಗೂ ಕಾಫಿಯನ್ನು ತಂದರು.

ಮಾಪಕವನ್ನು ಮತ್ತೆ ಕೂಡಿಸಿ, ಸಂಕೇತವನ್ನು ಅಳಿಸಿ, ಎಂಜಿನ್ನನ್ನು ನಡೆಸಿದಾಗ ಪರದೆಯಲ್ಲಿ ೭.೮ ಎಂದು ಬಂದಿತು. ದಿಬ್ಬವನ್ನು ಈ ಸಲ ನಾವೇ ಹತ್ತಿಸಿದೆವು. ಹಳದಿ ದೀಪವು ಹೊತ್ತಲಿಲ್ಲ. ಸೋಸುಗ, ಸ್ಪ್ರೇ, ಕೂಲಿ ಎಲ್ಲಕ್ಕೂ ಸೇರಿಸಿ ಅವನು ಕೇಳಿದುದು ಒಂಬೈನೂರು ರೂಪಾಯಿ. ಹೆಚ್ಚಾಗಿ ಕೊಡಹೋದುದನ್ನು ತೆಗೆದುಕೊಳ್ಳಲಿಲ್ಲ. ಸಾವಿರ ಕಿಲೋಮೀಟರಿನೊಳಗೆ ದೀಪವು ಮತ್ತೆ ಬಂದರೆ ತೊಳೆಯುತ್ತ ಕೂಡದೆ ಹೊಸ ಮಾಪಕವನ್ನೇ ಹಾಕಿಸಬೇಕೆಂದೂ, ಸೋಸುಗವನ್ನು ಒಕ್ಕಣೆಯ ಕಾಲದಲ್ಲಿ ಬೇಗಬೇಗನೆ ಬದಲಾಯಿಸಬೇಕೆಂದೂ ಹೇಳಿ ಕಳುಹಿಸಿದನು. ಇದನ್ನು ಬರೆಯುವ ಹೊತ್ತಿಗೆ ಎರಡು ಸಾವಿರ ಕಿಲೋಮೀಟರು ಕಳೆದಿದೆ.

ಮರುದಿನ ನಕ್ಷತ್ರಗಳಿರುವಾಗಲೇ ಹೊರಟೆವು. ದಾರಿಯುದ್ದಕ್ಕೂ ಅಕ್ಕಯ್ಯನವರು ಮಾತಾಡಲಿಲ್ಲ; ಕಡಬದ ಏರಿಯನ್ನು ಕಾರು ಸದ್ದಿಲ್ಲದೆ ಹತ್ತಿದಾಗ ಮಾತ್ರ, “ಚಿಕ್ಕಂದಿನಲ್ಲಿ ಬೆಲ್ಲದ ಗಡಿಗೆ ಒಡೆದಾಗಲೂ ಬೆಕ್ಕಿನ ಮೇಲೆ ಹೇಳಿದ್ದೆ ನೀನು” ಎಂದರು. ಆರೂವರೆಗೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು.

ಎಂಟು ದಿನದ ಮೇಲೆ ಅವರನ್ನು ಹಿಂದಕ್ಕೆ ಕರೆತಂದಾಗ, ಊರ ಮುಂದೆ ಕಪ್ಪು ಕನ್ನಡಕವನ್ನು ಮೇಲಕ್ಕೆತ್ತಿ, ಎದುರಿಗೆ ಬರುತ್ತಿದ್ದ ಬಸ್ಸಿನ ಹಲಗೆಯನ್ನು ತಾವೇ ಓದಿದರು. ಓದಿ, “ಅಲ್ಲವೋ, ಪೂರ್ತಿ ಹೆಸರು ಬರೆದರೆ ಇವರ ಗಂಟೇನು ಹೋಗುತ್ತಿತ್ತು?” ಎಂದರು.